ಹೆಣ್ಮಕ್ಕಳ ಗರಡಿಯ ಗಾಜು

ನನ್ನ ತಂಗಿಯ ಮಗಳು ಗುಂಡ್ಲುಪೇಟೆಯಲ್ಲಿ ಹೆಂಗಸರಿಗೆಂದು ವ್ಯಾಯಾಮದ ಹಾಲ್ ಬಾಡಿಗೆಗೆ ಹಿಡಿದಾಗ ಅದಕ್ಕೆ ಮೂರೇ ಗೋಡೆಗಳಿದ್ದವು. ನಾಲ್ಕನೆಯದು, ರಸ್ತೆಯ ಕಡೆಯದು, ಪೂರ್ತಿ ಗಾಜು. ಮೊದಲು ಅಲ್ಲಿ ಕಾರಿನ ಸೀಟ್ ಕವರ್ ಮಾರುವ ಶೋರೂಮ್ ಇತ್ತಂತೆ. “ದೊಡ್ಡಮ್ಮ, ಬೆಳಕು ನೋಡಿ ಹೆಂಗಿದೆ! ಹಗಲು ಹೊತ್ತು ಲೈಟೇ ಹಾಕಬೇಕಾಗಿಲ್ಲ,” ಎಂದು ಅವಳು ಫೋನಿನಲ್ಲಿ ಕುಣಿದಾಡಿದಳು. ನಾನು ಚಾಮರಾಜನಗರದಿಂದ ಬಸ್ಸು ಹತ್ತಿ ನೋಡಲು ಹೋದೆ. ಬೆಳಕೇನೋ ಹೌದು. ಆದರೆ ರಸ್ತೆಯ ಆಚೆ ಬದಿಗೆ ಟೀ ಅಂಗಡಿ, ಅದರ ಮುಂದೆ ಬೆಂಚು, ಬೆಂಚಿನ ತುಂಬ ಗಂಡಸರು. ಊಟಿಗೆ ಹೋಗುವವರು, ಕೇರಳಕ್ಕೆ ಹೋಗುವವರು, ಬಂಡೀಪುರದ ಕಾಡು ಹೊಗುವ ಮೊದಲು ಟೀ ಕುಡಿಯಲು ನಿಲ್ಲುವುದು ಅಲ್ಲೇ. ಲೋಟ ಕೈಗೆ ಬಂದ ಮೇಲೆ ಕಣ್ಣಿಗೂ ಏನಾದರೂ ಬೇಕಲ್ಲ.

“ಮೈ ಡಿಯರ್ ಗರ್ಲ್, ಇದು ಹಾಲ್ ಅಲ್ಲ, ಫಿಶ್ ಟ್ಯಾಂಕ್,” ಎಂದೆ.

ಅವಳು ನಗಲಿಲ್ಲ. ಶಾಲೆಯೊಂದರ ಪಿ.ಟಿ. ಟೀಚರ್ ಕೆಲಸ ಬಿಟ್ಟು, ಇದ್ದಬದ್ದ ಹಣವನ್ನೆಲ್ಲ ಅಡ್ವಾನ್ಸ್ ಕೊಟ್ಟು ಈ ಜಾಗ ಹಿಡಿದಿದ್ದಳು. ಹೆರಿಗೆಯ ನಂತರ ಸೊಂಟ ಹಿಡಿದವರು, ಮಂಡಿ ಸವೆದವರು, ಶುಗರ್ ಬಂದವರು, ಇಂಥವರಿಗೆಲ್ಲ ಕೈಕಾಲು ಆಡಿಸಲು ಒಂದು ಜಾಗ ಬೇಕೆಂಬುದು ಅವಳ ಬಹಳ ದಿನದ ಆಸೆ. ಹೆಂಗಸರು ಬಂದರು ಕೂಡ. ಬಂದವರು ಬಾಗಿಲಲ್ಲಿ ನಿಂತು ಗಾಜು ನೋಡಿದರು, ಗಾಜಿನಾಚೆಯ ಬೆಂಚು ನೋಡಿದರು, “ನಾಳಿಕ್ ಬತ್ತೀವಿ ಮಿಸ್,” ಎಂದು ಹೋದರು. ಆ ನಾಳೆ ಬರಲೇ ಇಲ್ಲ.

ಕರ್ಟನ್ ಹಾಕಿಸಿದಳು. ಅದು ಇನ್ನೂ ಕೆಟ್ಟದಾಯಿತು. ಗಾಜಿನ ಅಂಗಡಿಗೆ ಪರದೆ ಎಳೆದು ಒಳಗೆ ಹೆಂಗಸರು ಏನು ಮಾಡುತ್ತಾರೆ ಎಂದು ಟೀ ಅಂಗಡಿಯವರು ತಲೆಗೊಂದು ಕತೆ ಕಟ್ಟಿದರು. ಅದರಲ್ಲಿ ಒಂದು ಕತೆ ಕಟ್ಟಡದ ಮಾಲೀಕರ ಕಿವಿಗೂ ಬಿತ್ತು. ಅವರು ಮರ್ಯಾದಸ್ಥರು, ಗದರಲಿಲ್ಲ. ಬೇಕರಿಯವರೊಬ್ಬರು ಈ ಜಾಗ ಕೇಳುತ್ತಿದ್ದಾರೆ, ಯುಗಾದಿಯ ಹೊತ್ತಿಗೆ ನಿಮ್ಮದು ನಡೆಯುತ್ತದೋ ಇಲ್ಲವೋ ಹೇಳಿಬಿಡಿ ಎಂದರು, ಅಷ್ಟೇ.

ನಡೆಯುವುದು ಬಿಡುವುದು ನಿಜಕ್ಕೂ ಒಬ್ಬರ ಕೈಯಲ್ಲಿತ್ತು. ಆ ಬೀದಿಯ ಹಿಂದೆ ಅರಿಶಿನದ ಮಂಡಿ ಇಟ್ಟ ಹಳೆಯ ಮನೆತನವೊಂದಿದೆ. ಆ ಮನೆಯ ಹಿರಿಯಾಕೆಯನ್ನು ಎಲ್ಲರೂ ಮಂಡಿ ಅವ್ವ ಎನ್ನುತ್ತಾರೆ. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ಸೆರಗು ಬಿಗಿದು ಸಿಕ್ಕಿಸಿದ ಸೊಂಟ. ಮೊಮ್ಮಗು ಹುಟ್ಟಿದ ಮೇಲೆ ಅವರ ಸೊಸೆ ಬೆನ್ನು ನೋವಿನಿಂದ ಬಗ್ಗಲಾರದೆ ಒದ್ದಾಡುತ್ತಿದ್ದಳು. ಮೊದಲು ಬಂದು ಹೆಸರು ಬರೆಸಿ ಹೋದವಳೂ ಅವಳೇ. ಆ ಮನೆಯ ಸೊಸೆ ಬಂದರೆ ಬೀದಿಯ ಸೊಸೆಯರೆಲ್ಲ ಬರುತ್ತಾರೆ. ನಾವಿಬ್ಬರೂ ಕೇಳಿಕೊಳ್ಳಲು ಹೋದಾಗ ಮಂಡಿ ಅವ್ವ ಕಾಲು ನೀಡಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

“ನೋಡಮ್ಮಿ, ಬೀದಿಗೆ ಕಾಣಂಗಿದ್ರೆ ನಾನು ಕಳ್ಸಕ್ಕಿಲ್ಲ. ಬೀದಿಗೆ ಮುಚ್ಕಂಡಿದ್ರೂ ಕಳ್ಸಕ್ಕಿಲ್ಲ,” ಎಂದರು.

“ಹಂಗಾದ್ರೆ ಇನ್ನೆಂಗಿರಬೇಕವ್ವಾ?” ಎಂದಳು ತಂಗಿಯ ಮಗಳು.

“ಅದ ನನ್ನ್ ಕೇಳ್ತೀಯಲ್ಲ. ಮಿಸ್ಸು ನೀನಾ, ನಾನಾ?”

ಕಾಣಲೂ ಬಾರದು, ಮುಚ್ಚಲೂ ಬಾರದು. ವಾಪಸ್ಸು ಬರುವ ಬಸ್ಸಿನಲ್ಲಿ ನನಗೆ ಥಟ್ಟನೆ ಹೊಳೆದದ್ದು ನಮ್ಮ ಮೈಸೂರಿನ ಕಾನ್ವೆಂಟಿನ ಪಾರ್ಲರ್, ಎಂದರೆ ಭೇಟಿಯ ಕೋಣೆಯ, ಬಾಗಿಲು. ಅದಕ್ಕೆ ಹಾಲಿನ ಕೆನೆಯಂಥ ಗಾಜು. ಆಚೆ ಸಿಸ್ಟರ್ ಬಂದು ನಿಂತರೆ ಯಾರೋ ಬಂದರೆಂದು ತಿಳಿಯುತ್ತಿತ್ತು, ಯಾರೆಂದು ತಿಳಿಯುತ್ತಿರಲಿಲ್ಲ. ಆ ಒಂದು ಕ್ಷಣ ನಾವು ಹುಡುಗಿಯರು ಎದೆ ಹಿಡಿದು ಕಾಯುತ್ತಿದ್ದೆವು.

ಚಾಮರಾಜನಗರದಲ್ಲಿ ನಮ್ಮ ಮನೆಯ ದಾರಿಯಲ್ಲೇ ಒಂದು ಸ್ಟಿಕರ್ ಅಂಗಡಿಯಿದೆ. ಆಟೋ, ಟ್ರ್ಯಾಕ್ಟರುಗಳ ಹಿಂದೆ ತಾಯಿಯ ಆಶೀರ್ವಾದ ಬರೆದು ಅಂಟಿಸುವವರು. ಗಂಡ ಕಂಪ್ಯೂಟರಿನ ಮುಂದೆ, ಹೆಂಡತಿ ಚಾಪೆಯ ಮೇಲೆ. ಗಾಜಿಗೆ ಕೆನೆ ಬಣ್ಣದ ಹಾಳೆ ಅಂಟಿಸುತ್ತೀರಾ ಎಂದು ಕೇಳಿದೆ. “ಫ್ರಾಸ್ಟೆಡ್ ವಿನೈಲು,” ಎಂದು ಆತ ಸುರುಳಿಯಿಂದ ಒಂದು ಮೊಳ ಎಳೆದು ತೋರಿಸಿದ. “ಪ್ಲೇನ್ ಆದ್ರೆ ಚದರಡಿಗೆ ಎಂಬತ್ತು, ಅಂಟ್ಸೋ ಕೂಲಿ ಸೇರಿ. ಹೆಸ್ರು ಬೇಕಂದ್ರೆ ಎರಡು ತರ ಅದೆ ಮೇಡಂ. ಮೇಲೆ ಬಣ್ಣದ ಅಕ್ಷರ ಅಂಟ್ಸಾದು ಕಮ್ಮಿ. ಫಿಲಂನಲ್ಲೇ ಅಕ್ಷರ ಕುಯ್ದು ತೆಗಿಯಾದು ಜಾಸ್ತಿ.”

“ಕುಯ್ದು ತೆಗೆದರೆ ಅಷ್ಟು ಜಾಗದಲ್ಲಿ ನಿಮ್ಮ ಫಿಲಂ ಇರುವುದೇ ಇಲ್ಲವಲ್ಲಪ್ಪ. ಇನ್ನೂ ಕಮ್ಮಿ ಆಗಬೇಕಲ್ಲವೇ?” ಎಂದೆ. ಲಾಜಿಕ್ ನನ್ನ ಕಡೆಗಿತ್ತು.

ಚಾಪೆಯ ಮೇಲಿದ್ದ ಹೆಂಡತಿ ತಲೆಯೆತ್ತಿದಳು. “ಅಂಟ್ಸಾದು ಸುಲ್ಬ ಕಣ್ರಮ್ಮ, ಕೀಳಾದೇ ಕಷ್ಟ. ಇರಾದ್ಕೆ ಒಂದ್ ರೇಟು, ಇಲ್ದೇ ಇರಾದ್ಕೆ ಇನ್ನೊಂದ್ ರೇಟು.”

ಮಾರಲ್ ಸೈನ್ಸ್ ಕ್ಲಾಸಿನಲ್ಲೂ ನಾನು ಇಷ್ಟು ಆಳದ ಮಾತು ಕೇಳಿರಲಿಲ್ಲ. ಇಲ್ಲದಿರುವುದಕ್ಕೆ ಹೆಚ್ಚು ಬೆಲೆ! ವಯಸ್ಸಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಏನು ಬರೆಸಬೇಕೆಂದು ತಂಗಿಯ ಮಗಳಿಗೆ ಅಲ್ಲಿಂದಲೇ ಫೋನ್ ಮಾಡಿದೆ. “ಹೆಣ್ಮಕ್ಕಳ ಗರಡಿ ಅಂತ ಬರೆಸಿ,” ಎಂದಳು. ಗರಡಿ ಎಂದರೆ ಕುಸ್ತಿಯವರ ಮನೆಯಲ್ಲವೇ ಎಂದರೆ, “ಗಂಡಸರಿಗೆ ಮಾತ್ರವಾ ದೊಡ್ಡಮ್ಮ ಗರಡಿ? ಬರೆಸಿ ನೀವು,” ಎಂದು ಇಟ್ಟುಬಿಟ್ಟಳು.

“ಇಂಗ್ಲಿಷಲ್ಲಿ ಲೇಡೀಸ್ ಜಿಮ್ ಅಂತ ಬರ್ಸ್ಬುಡಿ ಮೇಡಂ, ರೇಟ್ ಇಳೀತದೆ,” ಎಂದ ಗಂಡ.

“ಕನ್ನಡಕ್ಕೆ ಯಾಕಪ್ಪ ಜಾಸ್ತಿ?”

“ಹೊಟ್ಟೆ ಜಾಸ್ತಿ ಅಲ್ವಾ?” ಹೆಂಡತಿ ಚಾಪೆಯ ಮೇಲಿನ ಒಂದು ಮ ಅಕ್ಷರವನ್ನು ನನ್ನ ಕಡೆ ತಿರುಗಿಸಿ, ಅದರ ಸುರುಳಿಯ ಒಳಗೆ ಬೆರಳಿಟ್ಟಳು. “ಇದು ಹೊಟ್ಟೆ. ಸುತ್ತ ಗೆರೆ ಕಿತ್ರೂ ಇದು ಅಲ್ಲೇ ನಿಂತಿರ್ಬೇಕು. ಲೇಡೀಸ್ ಜಿಮ್ ಅಂದ್ರೆ ಎ ಒಂದು, ಡಿ ಒಂದು, ಮುಗೀತು. ನಿಮ್ ಎಣ್ಮಕ್ಕ್ಳ ಗರಡೀಲಿ ಎಲ್ಲಾ ಬಸುರೀರೇ.”

ಅವಳ ಬಾಯಲ್ಲಿ ಎಣ್ಮಕ್ಕ್ಳ ಎಂದು ಕೇಳಿ ನನಗೆ ಗಾಬರಿ. “ಹೆ ಕಣಮ್ಮ, ಹೆ. ಎ ಅಂತ ಕುಯ್ದುಬಿಟ್ಟೀರಿ.”

“ಬಾಯಲ್ಲಿ ಎ ಅಂತೀವಿ, ಬ್ಲೇಡಲ್ಲಿ ಹೆ ಕುಯ್ತೀವಿ. ಎದ್ರ್ಕಬೇಡಿ,” ಎಂದಳು.

ನಾನು ಅರವತ್ತಕ್ಕೂ ಹೆಚ್ಚು ವರ್ಷ ಓದಿದ, ಬರೆದ ಅಕ್ಷರಗಳು. ಅವುಗಳ ಒಳಗೆ ಇಂಥ ಪುಟ್ಟ ಪುಟ್ಟ ಕೋಣೆಗಳಿವೆ ಎಂದು ಅವತ್ತೇ ಕಂಡದ್ದು. ಅವಳು ಕುಯ್ದಿಟ್ಟ ಒಂದು ತುಂಡನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಸುತ್ತೆಲ್ಲ ಮಂಜು, ನಡುವೆ ಅಕ್ಷರವಿದ್ದ ಕಡೆ ಮಾತ್ರ ಆಕಾಶ. ಐ ವಾಸ್ ಲಾಸ್ಟ್. ಹೆಚ್ಚಿನ ಹಣ ನನ್ನ ಲೆಕ್ಕದಲ್ಲಿರಲಿ, ಕುಯ್ದು ತೆಗೆಯುವುದೇ ಇರಲಿ ಎಂದೆ. ಇಣುಕಲು ಆಗದಂತೆ ಅಕ್ಷರಗಳು ಆಳೆತ್ತರಕ್ಕಿಂತ ಮೇಲೆ ಬರಬೇಕೆಂದು ಮಾತಾಯಿತು. ಗೆರೆ ಅಂಗೈಯಷ್ಟು ಅಗಲ.

ಅವರಿಬ್ಬರೂ ಸುರುಳಿ ಹೊತ್ತು ಬಸ್ಸಿನಲ್ಲೇ ಗುಂಡ್ಲುಪೇಟೆಗೆ ಬಂದರು. ಸುರುಳಿ ಸೀಟಿನ ಪಕ್ಕ ನಿಂತೇ ಬಂತಂತೆ. ಇದಕ್ಕೂ ಒಂದು ಟಿಕೆಟ್ ಕುಯ್ಯಲಾ ಎಂದು ಕಂಡಕ್ಟರ್ ತಮಾಷೆ ಮಾಡಿದನಂತೆ. ಆವತ್ತು ಮೋಡ ಮುಚ್ಚಿದ ದಿನ. ಕೆಲಸಕ್ಕೆ ಅದೇ ಒಳ್ಳೆಯದು, ಬಿಸಿಲಿದ್ದರೆ ಗಾಜಿನ ನೀರು ಬೇಗ ಆರುತ್ತದೆ ಎಂದಳು ಆಕೆ. ಬಕೆಟ್ಟಿಗೆ ಒಂದು ಸ್ಯಾಚೆಟ್ ಶಾಂಪೂ ಬೆರೆಸಿ, ಗಾಜಿಗೆ ಒಳಗಿನಿಂದ ಸ್ನಾನ ಮಾಡಿಸಿದರು. ಗಂಡ ಏಣಿಯ ಮೇಲೆ ಫಿಲಂನ ತುದಿ ಹಿಡಿದ, ಹೆಂಡತಿ ಹಿಂದಿನ ಕಾಗದವನ್ನು ಎಳೆಯುತ್ತ ಕೆಳಗಿಳಿದಳು. ಮೇಲಿನಿಂದ ನೀರು ಅಂಚಿಗೆ ಜಾರುವ ಹಾಗೆ ರಬ್ಬರ್ ಪಟ್ಟಿಯಿಂದ ಉಜ್ಜಿದರು. ಗುಳ್ಳೆಯೊಂದು ಸಿಕ್ಕಿಕೊಂಡರೆ ಅದನ್ನು ಕೋಳಿಮರಿಯನ್ನು ಅಟ್ಟುವ ಹಾಗೆ ಮೆಲ್ಲಗೆ ಅಂಚಿನವರೆಗೆ ಅಟ್ಟಿಕೊಂಡು ಹೋಗುವುದು. ಅಕ್ಷರದ ಗೆರೆ ಕೀಳಲು ಆಕೆ ಬೇರೆ ಸಲಕರಣೆ ತಂದಿರಲಿಲ್ಲ. ತಾಳಿಯ ಸರದಲ್ಲಿ ನೇತಾಡುತ್ತಿದ್ದ ಸೇಫ್ಟಿ ಪಿನ್ನು ಬಿಚ್ಚಿ, ಮೊನೆಯಿಂದ ಗೆರೆಯ ತುದಿ ಎಬ್ಬಿಸಿ, ಹೊಟ್ಟೆಗಳನ್ನು ಅಲ್ಲಲ್ಲೇ ಬಿಟ್ಟು ಉದ್ದಕ್ಕೆ ಎಳೆದು ತೆಗೆಯುತ್ತಿದ್ದಳು. ಒಳಗಿನಿಂದ ಅಂಟಿಸುವುದರಿಂದ ಅಕ್ಷರಗಳೆಲ್ಲ ನಮಗೆ ಉಲ್ಟಾ. ಓದಲು ಹೋಗಿ ನನಗೆ ತಲೆ ತಿರುಗಿತು.

ಒಂದೊಂದು ಗಾಜು ಮುಗಿದ ಹಾಗೂ ಟೀ ಅಂಗಡಿ ಒಂದೊಂದು ತುಂಡಾಗಿ ಮಾಯವಾಯಿತು. ಮೊದಲು ಬೆಂಚು ಹೋಯಿತು, ಆಮೇಲೆ ಗಂಡಸರು, ಆಮೇಲೆ ಬಾಳೆಗೊನೆ. ಕಡೆಗೆ ರಸ್ತೆಯೇ ಹೋಯಿತು. ಲಾರಿಯೊಂದು ಬಂದರೆ ಹಳದಿ ಉಸಿರೊಂದು ಆ ಕಡೆಯಿಂದ ಈ ಕಡೆಗೆ ಹಾದಂತೆ. ಎಲ್ಲಿಂದ ಬರುತ್ತಿದೆ ಎಂದು ಹೇಳಲಾಗದ ಬೆಳಕು ಹಾಲಿನ ತುಂಬ ನಿಂತಿತು. ಸ್ಟಿಕರಿನಾಕೆ ಹೊರಗೆ ಹೋಗಿ ಪರೀಕ್ಷೆಗೆಂದು ಗಾಜಿಗೆ ಕೈಯಿಟ್ಟಳು. ಒಳಗಿದ್ದ ನಮಗೆ ಐದು ಬೆರಳೂ ಸ್ಪಷ್ಟ. ಒಂದು ಗೇಣು ಹಿಂದೆ ಸರಿದಳು. ಬೆರಳುಗಳು ಒಂದಕ್ಕೊಂದು ಕರಗಿದವು. ಇನ್ನೊಂದು ಹೆಜ್ಜೆ ಸರಿದಳು; ಹಸಿರು ಸೀರೆಯ ಒಂದು ಮಚ್ಚೆ. ಇನ್ನೂ ಒಂದು ಹೆಜ್ಜೆ, ಯಾರೂ ಇಲ್ಲ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಬದುಕಿನಲ್ಲಿ ಎಷ್ಟು ಜನ ಹೀಗೇ ನನ್ನ ಕಣ್ಣೆದುರಿಗೆ ಹಿಂದೆ ಸರಿದು ಹೋಗಿದ್ದಾರೆ, ಈಗ ಹೆಸರು ಹೇಳಿದರೂ ಒಂದು ಬಣ್ಣ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಬೆಂಚಿನವರು ರಸ್ತೆ ದಾಟಿ ನೋಡಲು ಬಂದರು. ಬಾಗಿಲಲ್ಲಿ ನಿಂತಿದ್ದ ನನಗೆ ಅವರ ಮಾತು ಕೇಳುತ್ತಿತ್ತು.

“ಎಣ್ಮಕ್ಕ್ಳ ಗರಡಿಯಂತೆ ಕಣ್ಲಾ. ಇನ್ನು ನಮ್ ಗತಿ ಮುಗೀತು.”

“ನಿಂದು ಆವಾಗ್ಲೇ ಮುಗ್ದದೆ ಬುಡ್ಲಾ. ನಿನ್ನೆಡ್ತಿ ಗರಡಿಗ್ ಓಗ್ದಲೇ ನಿನ್ನ ದಿನಾ ಚಿತ್ ಮಾಡ್ತಾಳೆ.”

ಸುದ್ದಿ ಬೀದಿಯೊಳಗೆ ಹೋಯಿತು. ಮಾರನೆಯ ಬೆಳಿಗ್ಗೆ, ಮಕ್ಕಳನ್ನು ಸ್ಕೂಲ್ ಬಸ್ಸು ಹತ್ತಿಸಿದ ಮೇಲೆ ಹೆಂಗಸರ ಗುಂಪೊಂದು ಬಂತು. ಮಂಡಿ ಮನೆಯ ಸೊಸೆ ಇರಲಿಲ್ಲ. ಇವರು ಹೋಗಿ ಬಂದು ಏನು ಹೇಳುತ್ತಾರೋ ಎಂದು ಆ ಮನೆ ಕಾಯುತ್ತಿತ್ತು. ಮೋಡ ಚದುರಿ ಬಿಸಿಲು ಬಂದಿತ್ತು. ನಾನು ಹಿಂದಿನ ಗೋಡೆಯ ಬಳಿ ಕುರ್ಚಿಯಲ್ಲಿ ಕೂತಿದ್ದೆ. ಒಳಗೆ ಕಾಲಿಟ್ಟ ಮೊದಲನೆಯವಳು ಬ್ರೇಕ್ ಹಾಕಿದಂತೆ ನಿಂತಳು. ಅವಳ ಬೆನ್ನಿಗೆ ಉಳಿದವರು ಡಿಕ್ಕಿ ಹೊಡೆದರು.

“ಅಯ್ಯೋ, ಅಕ್ಷರ!”

ಹಾಲಿನ ನಟ್ಟನಡುವೆ, ನೆಲದ ಮೇಲೆ, ಬಿಸಿಲಿನಲ್ಲಿ ಬರೆದಂತೆ ಹೆಣ್ಮಕ್ಕಳ ಗರಡಿ. ಕುಯ್ದು ತೆಗೆದ ಜಾಗದಿಂದೆಲ್ಲ ಸೂರ್ಯ ಒಳಗೆ ಬಂದು ಮಲಗಿದ್ದ. ಸುತ್ತ ಮಂಕಾದ ನೆಲ, ನಡುವೆ ಬಂಗಾರದ ಅಕ್ಷರ, ಒಂದೊಂದೂ ಒಬ್ಬಳು ಮಲಗುವಷ್ಟು ದೊಡ್ಡದು. ಕೂತಲ್ಲಿಂದ ನನಗೆ ಎಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ಎದ್ದು ಬಾಗಿಲ ಬಳಿ ಹೋಗಿ ಗಾಜಿಗೆ ಬೆನ್ನು ಮಾಡಿ ನಿಂತೆ. ಅಲ್ಲಿಂದ ನೆಟ್ಟಗಿತ್ತು! ಗಾಜಿನ ಮೇಲೆ ಒಳಗಿನವರಿಗೆ ಉಲ್ಟಾ ಇರುವ ಮಾತು, ನೆಲಕ್ಕೆ ಬಿದ್ದರೆ ಒಳಗೆ ಬರುವವಳಿಗೆ ನೆಟ್ಟಗಾಗುತ್ತದೆ. ಇದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಅಂಟಿಸಿದವರಿಗೂ ಗೊತ್ತಿರಲಿಲ್ಲ, ಹಣ ಕೊಟ್ಟ ನನಗೂ ಗೊತ್ತಿರಲಿಲ್ಲ.

ಆದರೆ ಹೆಂಗಸರು ಗೋಡೆಗೆ ಅಂಟಿಕೊಂಡು ಸಾಲಾಗಿ ನಿಂತಿದ್ದರು.

“ಬನ್ನಿ, ಮಧ್ಯಕ್ಕೆ ಬನ್ನಿ, ಮ್ಯಾಟ್ ಹಾಕ್ಕೊಳ್ಳಿ,” ಎಂದಳು ತಂಗಿಯ ಮಗಳು.

“ತುಳಿಯಾದು ಎಂಗೆ ಮಿಸ್?”

“ಅದು ಬರೀ ನೆರಳು ಕಣ್ರೇ.”

“ನೆಳ್ಳಲ್ಲ ಮಿಸ್, ಬೆಳಕು. ನೆಳ್ಳಾಗಿದ್ರೆ ತುಳೀತಿದ್ವಿ.”

ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳದ ಹೆಂಗಸು ನಮ್ಮ ಕಡೆ ಇದ್ದಾಳೆಯೇ? ಕಾನ್ವೆಂಟಿನಲ್ಲಿ ಓದಿದ ನಾನು ಕೂಡ ಅದನ್ನು ಬಿಟ್ಟಿಲ್ಲ. ಅವರು ಗೋಡೆಯ ಬದಿಯಲ್ಲೇ ಇಕ್ಕಟ್ಟಾಗಿ ನಿಂತು ಕೈಯೆತ್ತಿದರು, ಒಬ್ಬರ ಮೊಣಕೈ ಇನ್ನೊಬ್ಬರ ಕಿವಿಗೆ ಬಡಿಯಿತು, ನಕ್ಕರು, ಬೇಗ ಹೊರಟರು. ಮರುದಿನವೂ ಹೀಗೇ. ಬಂದವರ ಸಂಖ್ಯೆ ಕರಗುತ್ತಿತ್ತು. ಬಿಸಿಲೇರಿ ಅಕ್ಷರ ನೆಲದ ನಡು ಬಿಟ್ಟು ಗಾಜಿನ ಬುಡಕ್ಕೆ ಸರಿಯುವ ಹೊತ್ತಿಗೆ ಅವರೆಲ್ಲ ಒಲೆಯ ಮುಂದಿರಬೇಕು. ಬೇರೆ ಹೊತ್ತು ಅವರಿಗಿಲ್ಲ. ತಂಗಿಯ ಮಗಳು ಸ್ಟಿಕರಿನವರಿಗೆ ಫೋನ್ ಮಾಡಿ ಅಕ್ಷರ ಮುಚ್ಚಿಬಿಡಿ ಎಂದಳು. “ಮುಚ್ಚಬೋದು ಮೇಡಂ, ತ್ಯಾಪೆ ಹಾಕ್ದಂಗ್ ಕಾಣ್ತದೆ,” ಎಂದ ಆತ. ಅವಳು ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಅದರಿಂದಲೇ ನನಗೆ ಹೆಚ್ಚು ನೋವಾಗುವಂತೆ, “ತ್ಯಾಪೆಯಾದ್ರೂ ಆಗ್ಲಿ ದೊಡ್ಡಮ್ಮ. ನಾಳೆ ಮಂಡಿ ಅವ್ವ ನೋಡೋಕ್ಕೆ ಬರ್ತಾರಂತೆ. ಇವರು ಹೀಗೆ ಗೋಡೆಗೆ ಹಲ್ಲಿ ಥರ ಅಂಟ್ಕೊಂಡಿರೋದು ನೋಡಿದ್ರೆ ಅವತ್ತಿಗೆ ಮುಗೀತು. ಬೇಕರಿಯವರಿಗೆ ಕೀ ಕೊಡೋದೇ,” ಎಂದಳು.

ಮಾರನೆಯ ಬೆಳಿಗ್ಗೆ, ಸ್ಟಿಕರಿನವರು ತ್ಯಾಪೆ ಹಾಕಲು ಬರುವ ಮೊದಲೇ, ಮಂಡಿ ಅವ್ವ ಸೊಸೆಯನ್ನು ಮುಂದೆ ಬಿಟ್ಟುಕೊಂಡು ಬಂದರು. ಅವಳನ್ನು ಒಳಗೆ ಕಳಿಸಿ ತಾವು ರಸ್ತೆಯಲ್ಲೇ ನಿಂತರು. ಗಾಜಿಗೆ ಮೂಗು ಒತ್ತಿದರು; ಒಳಗಿನಿಂದ ನಮಗೆ ಒಂದು ಮೂಗು, ಮೂರು ಪಟ್ಟೆ ವಿಭೂತಿ, ಅಷ್ಟೇ ಕಂಡಿತು. ಆಮೇಲೆ ಬಾಗಿಲಿಗೆ ಬಂದು, “ಜನ ಅವ್ರೆ ಅಂತ ಗೊತ್ತಾಯ್ತದೆ. ನಮ್ಮುಡ್ಗಿ ಯಾವ್ದು ಅಂತ ನಂಗೇ ಗೊತ್ತಾಗ್ನಿಲ್ಲ. ಗಾಜು ಚೆಂದಾಗದೆ ಕಣಮ್ಮಿ,” ಎಂದರು. ತಂಗಿಯ ಮಗಳು ಉಸಿರು ಬಿಡುವಷ್ಟರಲ್ಲಿ ಅವರ ಕಣ್ಣು ಗೋಡೆಯ ಸಾಲಿಗೆ ಹೋಯಿತು. “ಇದೇನ್ರಮ್ಮಿ, ರೇಷನ್ ಅಂಗ್ಡಿ ಮುಂದೆ ನಿಂತಂಗ್ ನಿಂತಿದ್ದೀರಿ?”

ಸೊಸೆಯೇ ನೆಲ ತೋರಿಸಿ, “ಅಕ್ಷರ ಕಣತ್ತೆ. ತುಳಿಯಕ್ಕಾಯ್ತದಾ?” ಎಂದಳು.

ಅವ್ವ ನೆಲ ನೋಡಿದರು. ಅವರಿಗೆ ಓದು ಬಾರದು. “ಏನ್ ಬರ್ದದೆ?” ಎಂದು ನನ್ನನ್ನು ಕೇಳಿದರು.

“ಹೆಣ್ಮಕ್ಕಳ ಗರಡಿ ಅಂತ.”

“ಗರಡಿ!” ಎಂದರು ಅವರು. “ಚಂದಕವಾಡೀಲಿ ನಮ್ಮಪ್ಪನ ಮನೆ ಮಗ್ಗುಲಿಗೇ ಗರಡಿ ಇತ್ತು ಕಣ್ರವ್ವ. ನಮ್ಮಣ್ಣ ಕುಸ್ತಿ ಮಾಡಾವ್ನು. ಮಟ್ಟಿ ಮಣ್ಣಿಗೆ ಬೆರ್ಸಕ್ಕೆ ಅರಿಶಿನ, ಎಣ್ಣೆ ನಾನೇ ತಕ್ಕಂಡ್ ಓಗ್ತಿದ್ದೆ. ಬಾಗ್ಲಿಗಂಟ. ಒಳಿಕ್ ಬುಡ್ತಿರ್ನಿಲ್ಲ ಎಣ್ಮಕ್ಳ. ಬಾಗ್ಲಲ್ಲೇ ನಿಂತು ನೋಡಾದು. ಆ ಮಣ್ಣು ಅವ್ರಿಗೆ ದೇವ್ರು ಕಣಮ್ಮಿ. ದಿನಾ ಪೂಜೆ. ಅದ್ರ ಮ್ಯಾಲೇ ಬೀಳಾರು, ಅದ್ರ ಮ್ಯಾಲೇ ಏಳಾರು, ಅದ್ನೇ ಮೈಗ್ ತಿಕ್ಕಳಾರು. ತುಳಿಯಕ್ಕಿಲ್ಲ ಅಂದಿದ್ರೆ ಕುಸ್ತಿ ಎಲ್ಲಿ ಆಡಾರು, ಗ್ವಾಡೆ ಮ್ಯಾಲಾ?”

“ಮತ್ತೆ ತುಳೀತಿದ್ರಾ ಅತ್ತೆ?”

“ಇಳಿಯಾಕ್ ಮೊದ್ಲು ಮುಟ್ಟಿ ಕಣ್ಗೊತ್ಕಳಾರು. ಅಪ್ಪಣೆ ಕೇಳ್ದಂಗೆ. ಆಮೇಕ್ ಇಳಿಯಾರು.”

ಹೇಳುತ್ತ ಹೇಳುತ್ತಲೇ ಅವರು ಬಾಗಿದರು. ಮಂಡಿ ಕಟಕ್ಕೆಂದಿತು. ಬಾಗಿಲ ಪಕ್ಕದ ನೆಲವನ್ನು ಬೆರಳ ತುದಿಯಿಂದ ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡು, ನೆಟ್ಟಗೆ ಹಾಲಿನ ನಡುವಿಗೆ ನಡೆದರು. ಆಗ ನಾವೆಲ್ಲ ನೋಡಿದ್ದು ಇದು: ಅವರು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬೆಳಕಿನ ಒಂದು ಅಕ್ಷರ ನೆಲದಿಂದ ಎದ್ದು ಅವರ ನರೆತ ತುರುಬಿನ ಮೇಲೆ ಕೂತಿತು. ಇನ್ನೊಂದು ಹೆಜ್ಜೆಗೆ ಬೆನ್ನಿಗೆ ಇಳಿಯಿತು, ಇನ್ನೊಂದಕ್ಕೆ ಸೊಂಟಕ್ಕೆ, ಆಮೇಲೆ ಸೀರೆಯ ಅಂಚಿಗೆ. ಕಾಲಿಟ್ಟ ಕಡೆ ನೆಲದಲ್ಲಿ ಅಕ್ಷರವೇ ಇರಲಿಲ್ಲ; ಅವರ ನೆರಳಿತ್ತು.

“ಅತ್ತೆ, ನಿಮ್ ಮೈಮೇಲೆ ಬಂದದೆ!” ಎಂದು ಸೊಸೆ ಕೂಗಿದಳು.

“ಏನ್ ಬಂದದೆ?” ಎಂದು ಅವರು ಹೆದರಿ ಸೀರೆ ಕೊಡವಿಕೊಂಡರು. ಎಲ್ಲರೂ ನಕ್ಕರು. ನಗುತ್ತಲೇ ಒಬ್ಬಳು ಬಾಗಿ ನೆಲ ಮುಟ್ಟಿದಳು. ಆಮೇಲೆ ಇನ್ನೊಬ್ಬಳು. ಗೋಡೆ ಬಿಟ್ಟು ಒಬ್ಬೊಬ್ಬರಾಗಿ ಬೆಳಕಿಗೆ ಇಳಿದರು, ಇಳಿದ ಹಾಗೆ ಹೆಸರಿನ ಒಂದೊಂದು ತುಂಡು ಒಬ್ಬೊಬ್ಬರ ಸೀರೆ, ಚೂಡಿದಾರದ ಮೇಲೆ ಏರಿತು. ಯಾರ ಹೆಗಲಿಗೋ ಡಿಯ ಗುಡಿಸು ಸಿಕ್ಕಿತ್ತು, ಯಾರ ನೆರಿಗೆಗೋ ಒಂದು ಒತ್ತಕ್ಷರ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಕಾನ್ವೆಂಟಿನ ಚಾಪೆಲ್ಲಿನಲ್ಲಿ ಹಾಡು ಶುರುವಾದಾಗ ಎದ್ದು ನಿಲ್ಲುತ್ತಿದ್ದ ಹಾಗೆ, ನನಗೇ ಗೊತ್ತಾಗದೆ.

ಮಂಡಿ ಅವ್ವ ನಡುವೆ ನಿಂತು ಸೆರಗು ಸಿಕ್ಕಿಸಿಕೊಂಡರು. “ಏನ್ ಮಿಸ್ಸು, ಬಾಯ್ ಬುಟ್ಕಂಡ್ ನಿಂತಿದ್ದೀಯ? ನಮ್ಮುಡ್ಗಿ ಬೆನ್ನಿಗೆ ಏನ್ ಮಾಡ್ಬೇಕೋ ಅದ ಏಳ್ಕೊಡು. ಅಂಗೇ ನನ್ ಮಂಡೀಗೂ ಒಂದು ಏಳು.”

ತಂಗಿಯ ಮಗಳು ದನಿ ಸರಿಮಾಡಿಕೊಂಡಳು. ಕೈ ಮೇಲೆ, ಎಂದಳು. ಎಲ್ಲರ ಕೈಗಳೂ ಮೇಲೆ ಹೋದವು.